ಎರಡು ಬೆರಳಗಲದ ಹಳಿಯ ಮೇಲೆ ಉಗಿಬಂಡಿ

ದೊಡ್ಡದೊಂದು ಯಂತ್ರವನ್ನು ಉದ್ದ, ಅಗಲ, ಎತ್ತರ ಈ ಮೂರರಲ್ಲಿಯೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿದರೆ, ಆ ಚಿಕ್ಕ ಯಂತ್ರ ದೊಡ್ಡದರಂತೆಯೇ ಕೆಲಸ ಮಾಡೀತೆ? ಮೊದಲ ನೋಟಕ್ಕೆ ಮಾಡದಿರಲು ಕಾರಣವೇನೂ ತೋರದು. ಅದೇ ಚಕ್ರ, ಅದೇ ಸಿಲಿಂಡರು, ಅದೇ ಬಾಯ್ಲರು. ಎಲ್ಲವೂ ಚಿಕ್ಕವು, ಅಷ್ಟೇ. ಆದರೆ ಈ ಪ್ರಶ್ನೆಗೆ ಪ್ರಕೃತಿ ಕೊಡುವ ಉತ್ತರ ಅಷ್ಟು ಸರಳವಾಗಿಲ್ಲ. ಅದನ್ನು ತಿಳಿಯಲು ಉಗಿಬಂಡಿಯ ಮಾದರಿಗಿಂತ ಒಳ್ಳೆಯ ಗುರುವನ್ನು ನಾವು ಕಾಣೆವು.

ಇಂಗ್ಲೆಂಡಿನಲ್ಲಿ ಮನೆಯ ಹಿಂದಣ ತೋಟದಲ್ಲಿ ಚಿಕ್ಕ ಹಳಿಗಳನ್ನು ಹಾಸಿ, ಅವುಗಳ ಮೇಲೆ ನಿಜವಾಗಿಯೂ ಉಗಿಯಿಂದಲೇ ಓಡುವ ಎಂಜಿನುಗಳನ್ನು ಓಡಿಸುವ ಹವ್ಯಾಸ ಬಹುಕಾಲದಿಂದ ಬೇರೂರಿದೆ. ಈ ಹವ್ಯಾಸಕ್ಕೆಂದೇ ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆ 1898ರಲ್ಲಿಯೇ ಅಲ್ಲಿ ಆರಂಭವಾಯಿತು. ಮನುಷ್ಯರನ್ನು ಕೂರಿಸಿಕೊಂಡು ಎಳೆಯುವ ದೊಡ್ಡ ಮಾದರಿಗಳೂ ಉಂಟು. ಆದರೆ ಮನೆಯಂಗಳಕ್ಕೆ ಒಗ್ಗುವುದು ಎರಡು ಬೆರಳಗಲದ, ಎಂದರೆ 32 ಮಿಲಿಮೀಟರು ಅಂತರದ ಹಳಿ. ಒಂದು ಅಡಿಗೆ 16 ಮಿಲಿಮೀಟರಿನಂತೆ ಅಳತೆಯನ್ನು ಇಳಿಸಿದರೆ ಎರಡು ಅಡಿ ಅಂತರದ ನಿಜವಾದ ಹಳಿ ಇಷ್ಟಕ್ಕೆ ಬರುತ್ತದೆ. ಈ ಲೆಕ್ಕದಲ್ಲಿ ಮಾದರಿಯು ಮೂಲದ ಹತ್ತೊಂಬತ್ತನೆಯ ಒಂದು ಪಾಲು. ಎರಡು ಅಡಿಯ ಹಳಿಯೆಂದರೆ ನಮ್ಮ ದೇಶದವರಿಗೆ ನೆನಪಾಗುವುದು 1881ರಲ್ಲಿ ತೆರೆದ ಡಾರ್ಜಿಲಿಂಗಿನ ಬೆಟ್ಟದ ರೈಲು. ಆ ರೈಲಿಗಾಗಿ 1889ರಿಂದ ಕಟ್ಟತೊಡಗಿದ ‘ಬಿ’ ವರ್ಗದ ಪುಟ್ಟ ಎಂಜಿನಿನ ಮಾದರಿಗಳು ಇಂದು ಇಂಗ್ಲೆಂಡಿನ ತೋಟಗಳಲ್ಲಿ ಗುಲಾಬಿ ಪಾತಿಗಳ ನಡುವೆ ಓಡುತ್ತಿವೆ. ಮೀಟರು ಗೇಜಿನ ಮಾದರಿಗಳಿಗೆ 45 ಮಿಲಿಮೀಟರಿನ ಹಳಿ ರೂಢಿಯಲ್ಲಿದೆ. ವಿದ್ಯುತ್ತಿನ ಮೋಟಾರಿನಿಂದ ಓಡುತ್ತ, ಉಗಿಯ ಸದ್ದನ್ನು ಧ್ವನಿವರ್ಧಕದಿಂದ ಹೊರಡಿಸುವ ಮಾದರಿಗಳೂ ಬೇಕಾದಷ್ಟಿವೆ. ಅವು ನೋಡಲು ಚೆಂದ. ಆದರೆ ನಮ್ಮ ವಿಷಯ ಅವಲ್ಲ.

ಚದರ, ಘನ ಮತ್ತು ಬಿಸಿ

ಅಳತೆಯನ್ನು 19ರಲ್ಲಿ ಒಂದಕ್ಕೆ ಇಳಿಸಿದಾಗ ಮೇಲ್ಮೈಯ ವಿಸ್ತೀರ್ಣವು 19ರ ವರ್ಗದಷ್ಟು, ಎಂದರೆ 361 ಪಟ್ಟು ಕಡಿಮೆಯಾಗುತ್ತದೆ. ಘನಗಾತ್ರವಾದರೋ 19ರ ಘನದಷ್ಟು, ಎಂದರೆ 6,859 ಪಟ್ಟು ಕಡಿಮೆಯಾಗುತ್ತದೆ. ಒಂದು ಕುಗ್ಗುವ ವೇಗಕ್ಕೂ ಇನ್ನೊಂದು ಕುಗ್ಗುವ ವೇಗಕ್ಕೂ ಇರುವ ಈ ಅಂತರದಲ್ಲಿಯೇ ಎಲ್ಲ ಗುಟ್ಟೂ ಅಡಗಿದೆ. ಇದನ್ನು ಮೊದಲು ಸ್ಪಷ್ಟವಾಗಿ ವಿವೇಚಿಸಿದವನು ಗೆಲಿಲಿಯೊ. 1638ರಲ್ಲಿ ಪ್ರಕಟವಾದ ಆತನ ಕೊನೆಯ ಗ್ರಂಥದಲ್ಲಿ, ದೊಡ್ಡ ಪ್ರಾಣಿಯ ಎಲುಬು ಚಿಕ್ಕ ಪ್ರಾಣಿಯ ಎಲುಬಿಗಿಂತ ಉದ್ದವಾಗಿದ್ದರೆ ಸಾಲದು, ಪ್ರಮಾಣ ಮೀರಿ ದಪ್ಪವೂ ಆಗಬೇಕೆಂದು ತೋರಿಸಿದ್ದಾನೆ.

ಈ ನಿಯಮ ನಮ್ಮ ಚಿಕ್ಕ ಎಂಜಿನಿಗೆ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಳ್ಳುತ್ತದೆ. ಕೊಡುವುದು ಬಲ. 15 ಟನ್ನಿನ ಎಂಜಿನಿನ ಮಾದರಿ ಅದೇ ಲೋಹಗಳಿಂದ ಆದದ್ದಾದರೆ ಎರಡು ಕಿಲೋಗ್ರಾಮಿಗಿಂತ ಸ್ವಲ್ಪವೇ ಹೆಚ್ಚು ತೂಗುತ್ತದೆ. ಎಂದರೆ ಎಳೆಯಬೇಕಾದ ಭಾರ 6,859 ಪಟ್ಟು ಇಳಿಯಿತು. ಆದರೆ ಉಗಿಯು ತಳ್ಳುವ ಪಿಸ್ಟನ್ನಿನ ಮುಖದ ವಿಸ್ತೀರ್ಣ ಇಳಿದದ್ದು 361 ಪಟ್ಟು ಮಾತ್ರ. ಒತ್ತಡವನ್ನು ಮೂಲದಷ್ಟೇ ಇಟ್ಟರೆ ಮಾದರಿಗೆ ತನ್ನ ತೂಕಕ್ಕೆ ತಕ್ಕುದಕ್ಕಿಂತ 19 ಪಟ್ಟು ಹೆಚ್ಚು ಬಲ ಬಂದು, ಚಕ್ರಗಳು ಹಳಿಯ ಮೇಲೆ ನಿಂತಲ್ಲಿಯೇ ಗಿರ್ರನೆ ಸುತ್ತತೊಡಗುತ್ತವೆ. ಆದಕಾರಣ ನಿಜವಾದ ಎಂಜಿನಿನಲ್ಲಿ ಚದರ ಅಂಗುಲಕ್ಕೆ 140 ಪೌಂಡಿನಷ್ಟು ಬೇಕಾಗುವ ಒತ್ತಡ ಈ ಮಾದರಿಗಳಲ್ಲಿ 40 ಪೌಂಡಿದ್ದರೆ ಧಾರಾಳ.

ಕಸಿದುಕೊಳ್ಳುವುದು ಬಿಸಿ. ಶಾಖವನ್ನು ಹಿಡಿದಿಡುವುದು ನೀರಿನ ಘನಗಾತ್ರ. ಅದನ್ನು ಹೊರಕ್ಕೆ ಬಿಡುವುದು ಬಾಯ್ಲರಿನ ಮೇಲ್ಮೈ. ಮಾದರಿಯಲ್ಲಿ ಪ್ರತಿ ಹನಿ ನೀರಿನ ಪಾಲಿಗೂ 19 ಪಟ್ಟು ಹೆಚ್ಚು ಮೇಲ್ಮೈ ಇದೆ. ಹಂಡೆಯಲ್ಲಿ ಕಾಯಿಸಿದ ನೀರು ಗಂಟೆಗಟ್ಟಲೆ ಬೆಚ್ಚಗಿದ್ದು, ಲೋಟಕ್ಕೆ ಬಗ್ಗಿಸಿಕೊಂಡದ್ದು ಕ್ಷಣದಲ್ಲಿ ಆರಿಹೋಗುವುದನ್ನು ನಾವು ದಿನವೂ ಕಾಣುತ್ತೇವಲ್ಲವೆ? ಮಾದರಿ ಎಂಜಿನು ಆ ಲೋಟದ ಜಾತಿಗೆ ಸೇರಿದುದು. ಕಾಲೇಜಿನ ವಿದ್ಯಾರ್ಥಿಗಳು ಎಂಜಿನಿಲ್ಲದೆಯೇ ಈ ಪ್ರಯೋಗವನ್ನು ಮಾಡಬಹುದು. ಆಕಾರ ಒಂದೇ ಆಗಿದ್ದು ಅಳತೆಯಲ್ಲಿ ಮಾತ್ರ ಒಂದಕ್ಕೊಂದು ಇಮ್ಮಡಿಯಾದ ಎರಡು ಪಾತ್ರೆಗಳಲ್ಲಿ ಕುದಿನೀರು ತುಂಬಿ, ಎರಡು ನಿಮಿಷಕ್ಕೊಮ್ಮೆ ಉಷ್ಣಮಾಪಕವನ್ನು ನೋಡಿ ನಕ್ಷೆ ಬರೆದರೆ ಸಾಕು.

ಇದಲ್ಲದೆ ಬೆಂಕಿಯೂ ತನ್ನ ಅಳತೆಯನ್ನು ಬಿಟ್ಟುಕೊಡುವುದಿಲ್ಲ. ದೊಡ್ಡ ಎಂಜಿನಿನ ಬಾಯ್ಲರಿನೊಳಗೆ ಬೆಂಕಿಯ ಬಿಸಿ ಗಾಳಿ ಹಾದುಹೋಗಲು ನೂರಾರು ಕೊಳವೆಗಳಿರುತ್ತವೆ. 45 ಮಿಲಿಮೀಟರು ವ್ಯಾಸದ ಅಂಥ ಕೊಳವೆಯನ್ನು 19ರಿಂದ ಭಾಗಿಸಿದರೆ ಸುಮಾರು ಎರಡೂವರೆ ಮಿಲಿಮೀಟರಿನ ಕೊಳವೆಯಾಗುತ್ತದೆ. ಅಷ್ಟು ಕಿರಿದಾದ ದಾರಿಯಲ್ಲಿ ಗಾಳಿ ಸಲೀಸಾಗಿ ಹರಿಯದು, ಜ್ವಾಲೆ ಗೋಡೆಗೆ ಸೋಕಿ ನಂದಿಹೋಗುತ್ತದೆ, ಮಸಿ ಒಂದೇ ಗಳಿಗೆಯಲ್ಲಿ ದಾರಿಯನ್ನು ಮುಚ್ಚುತ್ತದೆ. ಆದ್ದರಿಂದ ಮಾದರಿಯಲ್ಲಿ ಕೊಳವೆಗಳು ಕೆಲವೇ, ಮತ್ತು ಪ್ರಮಾಣಕ್ಕೆ ಮೀರಿ ದೊಡ್ಡವು. ಎಷ್ಟೋ ಎಂಜಿನುಗಳಲ್ಲಿ ಒಂದೇ ಒಂದು. ಹೊರಗಿನ ರೂಪವನ್ನು ಮೂಲದಂತೆಯೇ ಇರಿಸಿ ಒಳಗಿನದನ್ನು ಹೊಸದಾಗಿ ಯೋಚಿಸದೆ ಗತ್ಯಂತರವಿಲ್ಲ.

ಇದು ಎಲ್ಲರಿಗೂ ಒಮ್ಮೆಲೇ ಹೊಳೆದ ಮಾತಲ್ಲ. 1920ರ ದಶಕದ ಆರಂಭದಲ್ಲಿ ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯ ಪುಟಗಳಲ್ಲಿ ‘ಬಾಯ್ಲರುಗಳ ಕದನ’ ಎಂದೇ ಹೆಸರಾದ ವಾಗ್ಯುದ್ಧ ನಡೆಯಿತು. ಅಂದಿನ ಚಿಕ್ಕ ಮಾದರಿಗಳನ್ನು ಸ್ಪಿರಿಟ್ ದೀಪದಿಂದ ಕಾಯಿಸುವುದು ವಾಡಿಕೆ. ಒಂದು ಹೊರಕವಚದೊಳಗೆ ಸಣ್ಣ ನೀರಿನ ಪಾತ್ರೆಯನ್ನಿಟ್ಟು, ಅದರ ಅಡಿಯಲ್ಲಿ ನೀರು ತುಂಬಿದ ಕೊಳವೆಗಳನ್ನು ಜ್ವಾಲೆಗೆ ಒಡ್ಡುವ ಏರ್ಪಾಟು ಅದು. ಇಷ್ಟು ಚಿಕ್ಕ ಎಂಜಿನಿನಲ್ಲಿ ಕಲ್ಲಿದ್ದಲನ್ನು ಉರಿಸಿ, ಮೂಲದಂತೆ ಕೊಳವೆಗಳೊಳಗೆ ಬೆಂಕಿಯನ್ನು ಹರಿಸಿ ಪ್ರಯೋಜನ ಪಡೆಯುವುದು ಆಗದ ಹೋಗದ ಮಾತೆಂದು ಅನೇಕ ಅನುಭವಿಗಳ ವಾದ. ‘ಎಲ್. ಬಿ. ಎಸ್. ಸಿ.’ ಎಂಬ ಅಂಕಿತದಿಂದ ಬರೆಯುತ್ತಿದ್ದ ಲೇಖಕನೊಬ್ಬ ಇದನ್ನು ಒಪ್ಪಲಿಲ್ಲ. ತಾನು ಹಿಂದೆ ಕೆಲಸ ಮಾಡಿದ ರೈಲ್ವೆಯ ಹೆಸರಿನ ಮೊದಲ ಅಕ್ಷರಗಳನ್ನೇ ಅಂಕಿತವಾಗಿ ಮಾಡಿಕೊಂಡಿದ್ದ ಈತ, ಎರಡೂವರೆ ಅಂಗುಲದ ಹಳಿಯ ಮೇಲೆ ಓಡುವ ‘ಆಯೆಷಾ’ ಎಂಬ ತನ್ನ ಎಂಜಿನಿನಲ್ಲಿ ಕಲ್ಲಿದ್ದಲನ್ನೇ ಉರಿಸಿ, ವಯಸ್ಕರನ್ನೇ ಎಳೆದು ತೋರಿಸಿದ. ಕೊಳವೆಗಳ ಸಂಖ್ಯೆಯನ್ನೂ ವ್ಯಾಸವನ್ನೂ ಮೂಲದಿಂದ ಭಾಗಿಸಿ ಪಡೆಯದೆ ಬೆಂಕಿಯ ಅನುಕೂಲ ನೋಡಿ ಆರಿಸಿದುದೇ ಆತನ ಜಾಣ್ಮೆ. 1967ರಲ್ಲಿ ತೀರಿಕೊಳ್ಳುವವರೆಗೂ ಈತ ಬರೆದ ಲೇಖನಗಳನ್ನು ಓದಿ ಎಂಜಿನು ಕಟ್ಟಿದವರು ಅಸಂಖ್ಯಾತರು.

ಕಾಣೆಯಾದ ಉಗಿ

ಈಗ ನಮ್ಮ ಎರಡು ಬೆರಳಗಲದ ಹಳಿಗೆ ಮರಳೋಣ. ಒಂದು ಸಾಮಾನ್ಯ ಮಾದರಿಯನ್ನು ತೆಗೆದುಕೊಂಡು ಅದರ ನೀರಿನ ಜಮಾಖರ್ಚನ್ನು ಬರೆದು ನೋಡುವುದು ಬೋಧಪ್ರದವಾಗಿದೆ. ಎರಡು ಸಿಲಿಂಡರುಗಳು, ಒಳವ್ಯಾಸ 14 ಮಿಲಿಮೀಟರು, ಪಿಸ್ಟನ್ನಿನ ಚಲನೆ 16 ಮಿಲಿಮೀಟರು ಇರಲಿ. ಪಿಸ್ಟನ್ನಿನ ಎರಡು ಮಗ್ಗುಲಿಗೂ ಉಗಿ ಸರದಿಯಂತೆ ಬರುವುದರಿಂದ ಚಕ್ರ ಒಂದು ಸುತ್ತು ಬರುವಾಗ ನಾಲ್ಕು ಸಲ ಉಗಿ ತುಂಬಬೇಕು. ಲೆಕ್ಕ ಹಾಕಿದರೆ ಸುತ್ತಿಗೆ ಸುಮಾರು 10 ಘನ ಸೆಂಟಿಮೀಟರು. ಚಕ್ರದ ವ್ಯಾಸ 40 ಮಿಲಿಮೀಟರಾದರೆ ಒಂದು ಮೀಟರು ಓಡಲು ಎಂಟು ಸುತ್ತು, ಎಂದರೆ ಸುಮಾರು 80 ಘನ ಸೆಂಟಿಮೀಟರು ಉಗಿ. ನಿಜವಾದ ಬೆಟ್ಟದ ರೈಲು ಗಂಟೆಗೆ 20 ಕಿಲೋಮೀಟರು ಹೋಗುವುದಾದರೆ ಮಾದರಿ ಸೆಕೆಂಡಿಗೆ 29 ಸೆಂಟಿಮೀಟರು ಹೋಗಬೇಕು. ನಿಮಿಷಕ್ಕೆ ಹದಿನೇಳೂವರೆ ಮೀಟರು. ಹಗುರವಾದ ಬಂಡಿಗಳನ್ನು ಎಳೆಯಲು ಸಿಲಿಂಡರಿನಲ್ಲಿ ವಾಯುಮಂಡಲಕ್ಕಿಂತ ಅರ್ಧದಷ್ಟು ಹೆಚ್ಚು ಒತ್ತಡ ಸಾಕೆಂದು ಇಟ್ಟುಕೊಂಡರೆ, ಅಂಥ ಉಗಿಯ ಒಂದು ಗ್ರಾಮು ಸುಮಾರು 1,160 ಘನ ಸೆಂಟಿಮೀಟರು ಜಾಗ ಹಿಡಿಯುತ್ತದೆ. ಆದ್ದರಿಂದ ನಿಮಿಷಕ್ಕೆ ಬೇಕಾದ ನೀರು ಒಂದೂಕಾಲು ಗ್ರಾಮಿಗೂ ಕಡಿಮೆ. ಬಾಯ್ಲರಿನಲ್ಲಿ ಉಪಯೋಗಕ್ಕೆ ಬರುವ ನೀರು 100 ಗ್ರಾಮಿದ್ದರೆ ಎಂಜಿನು 80 ನಿಮಿಷ ಓಡಬೇಕು!

ಓಡುವುದಾದರೋ ಇಪ್ಪತ್ತರಿಂದ ಮೂವತ್ತು ನಿಮಿಷ.

ಉಳಿದ ಮೂರನೆಯ ಎರಡು ಪಾಲು ಉಗಿ ಎಲ್ಲಿ ಹೋಯಿತು? ಮಾದರಿ ಎಂಜಿನನ್ನು ಉತ್ತಮಪಡಿಸುವ ಕಲೆಯೆಂದರೆ ಈ ಕಾಣೆಯಾದ ಉಗಿಯ ಜಾಡು ಹಿಡಿಯುವುದೇ ಆಗಿದೆ. ಕೆಲವರು ಹೊಸ ಬಣ್ಣ, ಹೊಸ ಗಂಟೆ, ಹೊಳೆಯುವ ಹಿತ್ತಾಳೆಯ ಗುಬಟುಗಳನ್ನು ಜೋಡಿಸಿ ಎಂಜಿನು ಸುಧಾರಿಸಿತೆಂದು ತೃಪ್ತಿಪಡುತ್ತಾರೆ. ಆದರೆ ಒಂದು ಅಳತೆಯ ಗಾಜು, ಒಂದು ಗಡಿಯಾರ, ಒಂದು ನೋಟುಬುಕ್ಕು ಇವಿಷ್ಟು ಮೊದಲು ಬರಬೇಕು. ತುಂಬಿದ ನೀರೆಷ್ಟು, ಉಳಿದದ್ದೆಷ್ಟು, ಸ್ಪಿರಿಟ್ ಎಷ್ಟು, ಓಡಿದ ಸುತ್ತೆಷ್ಟು ಎಂದು ಬರೆದಿಡದೆ ಮಾಡಿದ ಸುಧಾರಣೆ ಸುಧಾರಣೆಯೇ ಎಂದು ಹೇಳುವುದು ಹೇಗೆ?

ಮೊದಲ ಕಳ್ಳ ಬಾಯ್ಲರಿನ ಮೈಯೇ. 50 ಮಿಲಿಮೀಟರು ವ್ಯಾಸ, 130 ಮಿಲಿಮೀಟರು ಉದ್ದದ ಬರಿಮೈ ತಾಮ್ರದ ಬಾಯ್ಲರು 140 ಡಿಗ್ರಿ ಸೆಂಟಿಗ್ರೇಡಿನಲ್ಲಿರುವಾಗ ನಿಶ್ಚಲವಾದ ಗಾಳಿಗೆ ಸುಮಾರು 30 ವಾಟ್ ಶಾಖವನ್ನು ಬಿಟ್ಟುಕೊಡುತ್ತದೆಂದು ಅಂದಾಜು ಮಾಡಬಹುದು. ಗಾಳಿ ಬೀಸಿದರೆ ಇನ್ನೂ ಹೆಚ್ಚು. ಮೇಲಿನ ಲೆಕ್ಕದಂತೆ ಸಿಲಿಂಡರುಗಳಿಗೆ ನಿಜವಾಗಿ ಬೇಕಾದ ಉಗಿಯನ್ನು ಮಾಡಲು ಸಾಕಾಗುವುದು 50 ವಾಟಿನಷ್ಟು ಶಾಖ! ದುಡಿಯುವವನ ಊಟಕ್ಕಿಂತ ಕೊಂಚವೇ ಕಡಿಮೆ ಊಟವನ್ನು ಬೀದಿಗೆ ಚೆಲ್ಲಿದಂತೆ ಇದು. ಪರಿಹಾರ ಸುಲಭ: ಬಾಯ್ಲರಿನ ಸುತ್ತ ಉಣ್ಣೆಯ ನಮದಾವನ್ನೋ ಶಾಖವನ್ನು ತಡೆಯುವ ಪಿಂಗಾಣಿ ನಾರಿನ ಹಾಳೆಯನ್ನೋ ಸುತ್ತಿ, ಮೇಲೆ ತೆಳು ತಗಡನ್ನೋ ಮರದ ಪಟ್ಟಿಗಳನ್ನೋ ಬಿಗಿಯುವುದು. ನಿಜವಾದ ಎಂಜಿನುಗಳಲ್ಲಿಯೂ ನಾವು ಕಾಣುವ ಬಣ್ಣದ ಮೈ ಬಾಯ್ಲರಲ್ಲ, ಅದರ ಹೊದಿಕೆ. ಜ್ವಾಲೆ ಹೊರಗಿನಿಂದ ಬಾಯ್ಲರಿನ ಅಡಿಗೆ ತಾಕುವ ಎಂಜಿನುಗಳಲ್ಲಿ ಮಾತ್ರ ಬೆಂಕಿ ಮುಟ್ಟುವ ಕಡೆಗೆ ಹೊದಿಸಬಾರದು.

ಎರಡನೆಯದು ಸಿಲಿಂಡರು. ಬಾಯ್ಲರಿನಿಂದ ಬಿಸಿಯಾಗಿ ಹೊರಟ ಉಗಿ ತಣ್ಣಗಿರುವ ಲೋಹವನ್ನು ಮುಟ್ಟಿದೊಡನೆ ನೀರಾಗುತ್ತದೆ. ಒಂದು ಗ್ರಾಮು ಉಗಿ ಸಾವಿರಕ್ಕೂ ಹೆಚ್ಚು ಘನ ಸೆಂಟಿಮೀಟರಿನ ಜಾಗವನ್ನು ಬಿಟ್ಟು ಒಂದು ಘನ ಸೆಂಟಿಮೀಟರಿಗೆ ಮುದುಡಿಕೊಂಡರೆ ಪಿಸ್ಟನ್ನನ್ನು ತಳ್ಳುವವರಾರು? ಎಂಜಿನು ಹೊರಡುವಾಗ ಹೊಗೆಗೂಡಿನಿಂದ ಬಿಸಿನೀರು ಉಗುಳುವುದೂ, ಒಮ್ಮೊಮ್ಮೆ ಚಕ್ರಗಳು ಕಚ್ಚಿಕೊಂಡು ನಿಲ್ಲುವುದೂ ಇದರಿಂದಲೇ. ನೀರು ಅಮುಕಿದರೆ ಕುಗ್ಗುವ ವಸ್ತುವಲ್ಲವಾದ್ದರಿಂದ ಸಿಲಿಂಡರಿನ ತುದಿಯಲ್ಲಿ ಸೇರಿದ ಹನಿಗಳು ಪಿಸ್ಟನ್ನಿಗೆ ಬೆಣೆಯಿಟ್ಟಂತಾಗುತ್ತವೆ. ಅಂಥ ಸಮಯದಲ್ಲಿ ಬಲವಂತ ಮಾಡದೆ ಎಂಜಿನನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಉರುಳಿಸಿ ನೀರನ್ನು ಹೊರಹಾಕಬೇಕು. ಈ ನಷ್ಟಕ್ಕೆ ಮದ್ದು ಉಗಿಯನ್ನು ಅತಿತಾಪಗೊಳಿಸುವುದು. ಬಾಯ್ಲರಿನಿಂದ ಸಿಲಿಂಡರಿಗೆ ಹೋಗುವ ನಳಿಗೆಯನ್ನು ನೇರವಾಗಿ ಒಯ್ಯದೆ, ಜ್ವಾಲೆಯ ನಡುವೆಯೋ ಬೆಂಕಿಯ ಕೊಳವೆಯೊಳಗೋ ಒಮ್ಮೆ ಹಾಯಿಸಿದರೆ, ಉಗಿಯಲ್ಲಿ ತೇಲುವ ತುಂತುರು ಹನಿಗಳೂ ಉಗಿಯಾಗುತ್ತವೆ. ಒಣಗಿದ ಉಗಿಯ ಉಷ್ಣತೆ ಕುದಿಬಿಂದುವಿಗಿಂತ ಸಾಕಷ್ಟು ಮೇಲೇರಿ, ಸಿಲಿಂಡರಿನಲ್ಲಿ ಸ್ವಲ್ಪ ತಣಿದರೂ ಅದು ಉಗಿಯಾಗಿಯೇ ಉಳಿಯುತ್ತದೆ. ಒಂದು ಗೇಣು ನಳಿಗೆಯಿಂದ ಆಗುವ ಈ ಲಾಭಕ್ಕೆ ಸಮನಾದ ಸುಧಾರಣೆ ಮತ್ತೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ಮೂರನೆಯದು ಸೋರಿಕೆ. ಅಗ್ಗದ ಎಂಜಿನುಗಳಲ್ಲಿ ಸಿಲಿಂಡರೇ ಒಂದು ತಿರುಗುಣಿಯ ಮೇಲೆ ತೊಟ್ಟಿಲಿನಂತೆ ತೂಗುತ್ತದೆ. ಅದರ ಪಕ್ಕದಲ್ಲಿರುವ ರಂಧ್ರವು ತೂಗಾಟದ ಒಂದು ಕೊನೆಯಲ್ಲಿ ಉಗಿ ಬರುವ ರಂಧ್ರಕ್ಕೂ ಇನ್ನೊಂದು ಕೊನೆಯಲ್ಲಿ ಉಗಿ ಹೋಗುವ ರಂಧ್ರಕ್ಕೂ ಎದುರಾಗುತ್ತದೆ. ಬೇರೆ ಕವಾಟವೇ ಬೇಡ. ಬಹು ಚತುರವಾದ ಸರಳ ಉಪಾಯವಿದು. ಇಂಗ್ಲೆಂಡಿನ ಮ್ಯಾಮೊಡ್ ಕಂಪನಿ 1980ರ ಸುಮಾರಿಗೆ ಮಾರುಕಟ್ಟೆಗೆ ತಂದ ಪುಟ್ಟ ಎಂಜಿನಿನಲ್ಲಿ ಇದೇ ಏರ್ಪಾಟಿತ್ತು. ಆ ಎಂಜಿನನ್ನು ಬಿಚ್ಚಿ, ತಿದ್ದಿ, ಮತ್ತೆ ಜೋಡಿಸಿಯೇ ಅಲ್ಲಿನ ಎಷ್ಟೋ ಮಂದಿ ಈ ವಿದ್ಯೆಯನ್ನು ಕಲಿತರು. ತೂಗುವ ಸಿಲಿಂಡರನ್ನು ಎದುರಿನ ಫಲಕಕ್ಕೆ ಒತ್ತಿ ಹಿಡಿದಿರುವುದು ಒಂದು ಸಣ್ಣ ಸುರುಳಿ. ಎರಡು ಮುಖಗಳೂ ಕನ್ನಡಿಯಂತೆ ಸಮನಾಗಿಲ್ಲದಿದ್ದರೆ ಉಗಿ ನಡುವಿನಿಂದ ನುಸುಳಿ ಹೋಗುತ್ತದೆ. ಸುರುಳಿಯನ್ನು ಬಿಗಿಗೊಳಿಸಿದರೆ ಘರ್ಷಣೆ ಹೆಚ್ಚುತ್ತದೆ. ಆದ್ದರಿಂದ ಗಾಜಿನ ಹಲಗೆಯ ಮೇಲೆ ಅತಿ ನಯವಾದ ಉಪ್ಪುಕಾಗದವನ್ನು ಹಾಸಿ, ಎಣ್ಣೆ ಹನಿಸಿ, ಎಂಟರ ಅಂಕಿಯ ಆಕಾರದಲ್ಲಿ ಮುಖವನ್ನು ಉಜ್ಜುತ್ತಾರೆ. ಮುಖವೆಲ್ಲ ಒಂದೇ ಬಣ್ಣಕ್ಕೆ ಬಂದಾಗ ಅದು ಸಮತಲವಾಯಿತೆಂದು ತಿಳಿಯಬೇಕು. ಅರ್ಧ ಗಂಟೆಯ ಈ ಕೆಲಸಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು. ಮೇಲ್ದರ್ಜೆಯ ಮಾದರಿಗಳಲ್ಲಿ ನಿಂತ ಸಿಲಿಂಡರು, ಜಾರುಕವಾಟ, ಮತ್ತು ಬೆಲ್ಜಿಯಮಿನ ವಾಲ್‌ಷಾರ್ಟ್ 1844ರಲ್ಲಿ ಕಲ್ಪಿಸಿದ ಕವಾಟ ಚಾಲಕದ ಸಲಾಕೆಗಳು ಇರುತ್ತವೆ. ಮೂಲದ ಸಲಾಕೆಗಳನ್ನು ಹತ್ತಿರದಿಂದ ನೋಡಬೇಕೆಂಬವರು ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲು ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಮಧ್ಯಾಹ್ನ ಕಳೆಯಬಹುದು.

ಉಗಿಯ ದಾರಿಗೆ ಎಣ್ಣೆ ಹಾಕುವ ಉಪಾಯವೊಂದನ್ನು ಇಲ್ಲಿ ಹೇಳದಿದ್ದರೆ ಲೋಪವಾದೀತು. ಒತ್ತಡದಲ್ಲಿರುವ ನಳಿಗೆಯೊಳಗೆ ಎಣ್ಣೆಯನ್ನು ತಳ್ಳಲು ಪಂಪು ಬೇಕೆಂದು ಯಾರೂ ಊಹಿಸುತ್ತಾರೆ. ಆದರೆ ಈ ಮಾದರಿಗಳಲ್ಲಿರುವುದು ಒಂದು ಮುಚ್ಚಿದ ಕುಪ್ಪಿ ಮಾತ್ರ. ಅದರಲ್ಲಿ ದಪ್ಪ ಎಣ್ಣೆಯನ್ನು ತುಂಬಿ, ಅದರ ಮೇಲ್ಭಾಗದಲ್ಲಿ ಉಗಿಯ ನಳಿಗೆ ಹಾದುಹೋಗುವಂತೆ ಮಾಡಿ, ನಳಿಗೆಗೆ ಕೂದಲೆಳೆಯಂಥ ರಂಧ್ರ ಕೊರೆದಿರುತ್ತಾರೆ. ರಂಧ್ರದಿಂದ ಒಳಹೊಕ್ಕ ಉಗಿ ತಣಿದು ನೀರಾಗುತ್ತದೆ. ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ. ತಳಕ್ಕಿಳಿದ ನೀರಿನಷ್ಟೇ ಎಣ್ಣೆ ಮೇಲೇರಿ ಅದೇ ರಂಧ್ರದಿಂದ ಹೊರಬಂದು ಉಗಿಯೊಡನೆ ಸಿಲಿಂಡರಿಗೆ ಹೋಗುತ್ತದೆ. ಚಲಿಸುವ ಭಾಗ ಒಂದೂ ಇಲ್ಲ. ಬಾಯಾರಿದ ಕಾಗೆ ಹೂಜಿಗೆ ಕಲ್ಲು ಹಾಕಿ ನೀರನ್ನು ಮೇಲೆತ್ತಿದ ಕಥೆಯೇ ಇಲ್ಲಿ ನೀರು ಹಾಕಿ ಎಣ್ಣೆಯನ್ನು ಮೇಲೆತ್ತುವ ಕಥೆಯಾಗಿದೆ. ಓಟ ಮುಗಿದಮೇಲೆ ಕುಪ್ಪಿಯ ನೀರನ್ನು ತೆಗೆದು ಹೊಸ ಎಣ್ಣೆ ತುಂಬಬೇಕು.

ಬೆಂಕಿಯ ವಿಷಯದಲ್ಲಿ ಇಂದು ಎರಡು ಪಂಥಗಳಿವೆ. ಸ್ಪಿರಿಟ್ ಬತ್ತಿಗಳು ನಿಶ್ಶಬ್ದವಾಗಿ ಉರಿಯುತ್ತವೆ, ಉಗಿಯ ಬಡಿತ ಕಿವಿಗೆ ಚೆನ್ನಾಗಿ ಕೇಳುತ್ತದೆ. ಆದರೆ ಗಾಳಿಗೆ ಜ್ವಾಲೆ ಅಲೆದಾಡುತ್ತದೆ, ಹಗಲಿನಲ್ಲಿ ಕಣ್ಣಿಗೇ ಕಾಣುವುದಿಲ್ಲ. ಆರಿದೆಯೆಂದು ಭ್ರಮಿಸಿ ಉರಿಯುವ ಬತ್ತಿಗೆ ಸ್ಪಿರಿಟ್ ಸುರಿದು ಕೈ ಸುಟ್ಟುಕೊಳ್ಳುವ ಅಪಾಯ ಇದರಲ್ಲಿದೆ. ಬ್ಯುಟೇನ್ ಅನಿಲದ ಒಲೆಯನ್ನು ತಿರುಪಿನಿಂದ ಹೆಚ್ಚು ಕಡಿಮೆ ಮಾಡಬಹುದು. ಆದರೆ ದ್ರವರೂಪದ ಬ್ಯುಟೇನ್ ಆವಿಯಾಗುವಾಗ ತನ್ನ ತೊಟ್ಟಿಯ ಶಾಖವನ್ನೇ ಹೀರಿಕೊಳ್ಳುವುದರಿಂದ ತೊಟ್ಟಿ ತಣ್ಣಗಾಗುತ್ತ ಹೋಗುತ್ತದೆ. ಬ್ಯುಟೇನಿನ ಕುದಿಬಿಂದು ಸೊನ್ನೆ ಡಿಗ್ರಿಯ ಹತ್ತಿರವೇ ಇರುವುದರಿಂದ ಇಂಗ್ಲೆಂಡಿನ ಚಳಿಗಾಲದಲ್ಲಿ ಒಲೆ ಅರ್ಧದಾರಿಯಲ್ಲಿ ಸೊರಗುತ್ತದೆ. ತೊಟ್ಟಿಯನ್ನು ಬಿಸಿನೀರಿನಲ್ಲಿ ಕೂರಿಸುವುದೂ, ಪ್ರೊಪೇನ್ ಬೆರೆತ ಅನಿಲ ಬಳಸುವುದೂ ಅಲ್ಲಿಯ ರೂಢಿ. ನಮ್ಮ ಬಯಲುಸೀಮೆಯಲ್ಲಿ ಓಡಿಸುವವರಿಗೆ ಈ ತೊಂದರೆಯಿಲ್ಲ. ನಮ್ಮಲ್ಲಿ ತೊಂದರೆ ಕೊಡುವುದು ನೀರು. ಕೊಳವೆಬಾವಿಯ ಗಡಸು ನೀರು ಸ್ನಾನದ ಹಂಡೆಯೊಳಗೆ ಬಿಳಿಯ ಪದರವನ್ನು ಕಟ್ಟುವುದನ್ನು ನೋಡಿದವರಿಗೆ, ಅಂಥ ಪದರ ಬೆರಳುದ್ದದ ಬಾಯ್ಲರಿನಲ್ಲಿ ಏನು ಮಾಡೀತೆಂದು ಬಿಡಿಸಿ ಹೇಳಬೇಕಿಲ್ಲ. ಸೋಸಿದ ಮಳೆನೀರು ಇದಕ್ಕೆ ಬಹು ಒಳ್ಳೆಯದು.

ಅಪಾಯದ ಮಾತು

ಚಿಕ್ಕದೆಂಬ ಮಾತ್ರಕ್ಕೆ ಬಾಯ್ಲರು ಆಟದ ವಸ್ತುವಲ್ಲ. 40 ಪೌಂಡಿನ ಒತ್ತಡದಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, ಸುಮಾರು 141 ಡಿಗ್ರಿಯಲ್ಲಿ. ಬಾಯ್ಲರು ಒಡೆದು ಒತ್ತಡ ತಟ್ಟನೆ ಇಳಿದರೆ ಆ ನೀರಿನಲ್ಲಿ ನೂರಕ್ಕೆ ಎಂಟು ಪಾಲಿನಷ್ಟು ಆ ಕ್ಷಣದಲ್ಲಿಯೇ ಉಗಿಯಾಗುತ್ತದೆ. 150 ಗ್ರಾಮು ನೀರಿನಿಂದ ಒಂದು ದೊಡ್ಡ ಕೊಡದ ತುಂಬ, ಸುಮಾರು 20 ಲೀಟರು ಉಗಿ! ಅದೃಷ್ಟವಶಾತ್ ಇಲ್ಲಿ ಚಿಕ್ಕತನ ನಮ್ಮ ಪಕ್ಷದಲ್ಲಿದೆ. ಬಾಯ್ಲರಿನ ತಗಡಿನ ಮೇಲಿನ ಎಳೆತ ಅದರ ವ್ಯಾಸಕ್ಕೆ ಅನುಗುಣ. 50 ಮಿಲಿಮೀಟರು ವ್ಯಾಸದ, 1.6 ಮಿಲಿಮೀಟರು ದಪ್ಪದ ತಾಮ್ರದ ಕೊಳವೆಯಲ್ಲಿ ಈ ಒತ್ತಡ ಉಂಟುಮಾಡುವ ಎಳೆತ ತಾಮ್ರವನ್ನು ಹರಿಯಲು ಬೇಕಾದುದರ ಸುಮಾರು ನಲವತ್ತನೆಯ ಒಂದು ಪಾಲು ಮಾತ್ರ. ದುರ್ಬಲವಾದುದು ತಗಡಲ್ಲ, ಬೆಸುಗೆ. ಹಳೆಯ ಆಟಿಕೆಗಳಲ್ಲಿರುವ ಸೀಸ ಮತ್ತು ತವರದ ಬೆಸುಗೆ 183 ಡಿಗ್ರಿಯಲ್ಲಿಯೇ ಕರಗತೊಡಗುತ್ತದೆ. ನೀರಿರುವವರೆಗೆ ಭಯವಿಲ್ಲ, ನೀರು ಬತ್ತಿತೋ ಕೀಲು ಬಿಟ್ಟಿತು. ಬೆಳ್ಳಿ ಬೆಸುಗೆ 600 ಡಿಗ್ರಿಯನ್ನೂ ತಡೆಯುವುದರಿಂದ ಅದನ್ನೇ ಬಳಸಬೇಕು. ಹಿತ್ತಾಳೆಯಿಂದ ಬಾಯ್ಲರು ಮಾಡುವುದೂ ಸಲ್ಲದು. ಬಿಸಿನೀರು ಕಾಲಕ್ರಮದಲ್ಲಿ ಅದರೊಳಗಿನ ಸತುವನ್ನು ಕಳಚಿ, ಹೊರಗೆ ಗಟ್ಟಿಯಾಗಿ ತೋರುತ್ತ ಒಳಗೆ ಪೊಳ್ಳಾದ ಲೋಹವನ್ನು ಉಳಿಸುತ್ತದೆ.

ಬಲ್ಲವರು ಹೊಸ ಬಾಯ್ಲರನ್ನು ಕೆಲಸದ ಒತ್ತಡದ ಎರಡರಷ್ಟಕ್ಕೆ ಪರೀಕ್ಷಿಸುವುದು ಉಗಿಯಿಂದಲ್ಲ, ತಣ್ಣೀರಿನಿಂದ. ಪೂರ್ತಿ ನೀರು ತುಂಬಿದ ಪಾತ್ರೆ ಒಡೆದರೆ ನಾಲ್ಕು ಹನಿ ಚಿಮ್ಮಿ ಒತ್ತಡ ಇಳಿದುಹೋಗುತ್ತದೆ; ಗಾಳಿ ಅಥವಾ ಉಗಿ ತುಂಬಿದ್ದರೆ ಚೂರುಗಳು ಹಾರುತ್ತವೆ. ಸುರಕ್ಷಾ ಕವಾಟವನ್ನು ಪ್ರತಿ ಓಟದ ಮೊದಲೂ ಎಳೆದು ನೋಡಬೇಕು. ಅದರ ಸುರುಳಿಯನ್ನು ಬಿಗಿಮಾಡಿ ಹೆಚ್ಚು ಬಲ ಪಡೆಯುವ ಚಪಲವನ್ನು ನಾವು ಕಟುವಾಗಿ ಖಂಡಿಸುತ್ತೇವೆ. ಬಲಕ್ಕೆ ಕೊರತೆಯಿಲ್ಲವೆಂಬುದನ್ನು ಮೇಲೆಯೇ ಕಂಡಿದ್ದೇವೆ. ಇನ್ನು, ಇಂಧನದ ತೊಟ್ಟಿ ಯಾವಾಗಲೂ ನೀರಿಗಿಂತ ಮೊದಲು ಬರಿದಾಗುವಷ್ಟೇ ದೊಡ್ಡದಿರಬೇಕು. ಹೆಚ್ಚು ಹೊತ್ತು ಓಡಲೆಂದು ತೊಟ್ಟಿಯನ್ನು ಮಾತ್ರ ಹಿಗ್ಗಿಸಿದವನು ಬತ್ತಿದ ಬಾಯ್ಲರಿನ ಕೆಳಗೆ ಬೆಂಕಿಯಿಟ್ಟಂತೆಯೇ. ಎಂಜಿನು ಓಡುತ್ತಿರುವಾಗಲೇ ಹಿಂದಿರುಗದ ಕವಾಟದ ಮೂಲಕ ಕೈಪಂಪಿನಿಂದ ನೀರು ತುಂಬುವ ಸೌಕರ್ಯವನ್ನು ಜೋಡಿಸಿ, ನೀರಿನ ಮಟ್ಟ ತೋರುವ ಗಾಜಿನ ನಳಿಗೆಯನ್ನೂ ಇಟ್ಟಮೇಲೆ ಮಾತ್ರ ಹೆಚ್ಚು ಇಂಧನದ ಯೋಚನೆ ಮಾಡಬಹುದು.

ಎಷ್ಟು ಚಿಕ್ಕದಾಗಬಹುದು ಎಂಬ ಕುತೂಹಲ ಸಹಜ. ಇಂಗ್ಲೆಂಡಿನ ಹಾರ್ನ್‌ಬಿ ಕಂಪನಿ 2003ರಲ್ಲಿ 76ರಲ್ಲಿ ಒಂದು ಪಾಲಿನ ‘ಮ್ಯಾಲರ್ಡ್’ ಎಂಜಿನನ್ನು ನಿಜವಾದ ಉಗಿಯಿಂದಲೇ ಓಡಿಸಿತು. ಇದರ ಮೂಲವೇ 1938ರ ಜುಲೈ 3ರಂದು ಗಂಟೆಗೆ 126 ಮೈಲಿಯ ವೇಗವನ್ನು ಮುಟ್ಟಿ ದಾಖಲೆ ಬರೆದ ಉಗಿಬಂಡಿ. 16.5 ಮಿಲಿಮೀಟರಿನ ಹಳಿಯ ಆ ಮಾದರಿಯಲ್ಲಿ ಬೆಂಕಿಗೆ ಎಡೆಯೇ ಇಲ್ಲ. ಹಳಿಗಳ ಮೂಲಕ ಬರುವ ವಿದ್ಯುತ್ತು ಎಂಜಿನಿನ ಹಿಂದಣ ತೊಟ್ಟಿಬಂಡಿಯಲ್ಲಿರುವ ನೀರನ್ನು ಕಾಯಿಸುತ್ತದೆ. ಬಿಸಿಯನ್ನು ಹಿಡಿದಿಡಲಾಗದ ಎಂಜಿನಿಗೆ ಹೊರಗಿನಿಂದ ಎಡೆಬಿಡದೆ ಬಿಸಿಯನ್ನು ಉಣಿಸುವ ಉಪಾಯವಿದು. ಇದನ್ನು ಉಗಿಬಂಡಿಯೆನ್ನಬೇಕೋ ವಿದ್ಯುದ್ಬಂಡಿಯೆನ್ನಬೇಕೋ ಎಂದು ವಾಚಕರೇ ತೀರ್ಮಾನಿಸಲಿ.

ಕೊನೆಯದಾಗಿ ಹಳಿಯ ಮೇಲಿನ ಓಟ. ಎಂಜಿನು ಎಷ್ಟೇ ಚೆನ್ನಾಗಿರಲಿ, ಹಳಿ ಏರಿಳಿತಗಳಿಂದ ಕೂಡಿದ್ದರೆ ಅದು ಇಳಿಜಾರಿನಲ್ಲಿ ನಾಗಾಲೋಟದಿಂದ ಓಡಿ, ಏರಿನಲ್ಲಿ ಏದುಸಿರು ಬಿಡುತ್ತದೆ. ನೂರಕ್ಕೆ ಒಂದರ ಏರು ಕೂಡ ಹಗುರವಾದ ಎಂಜಿನಿಗೆ ಗಣ್ಯವಾದ ಹೊರೆ. ಆದ್ದರಿಂದ ಹಣವನ್ನು ಎಂಜಿನಿನ ಮೇಲೆ ಸುರಿಯುವ ಮೊದಲು ಮಟ್ಟಗೋಲನ್ನು ಹಿಡಿದು ಹಳಿಯನ್ನು ಸಮಮಾಡುವುದು ಲೇಸು. ಇದಾದ ಮೇಲೂ ಮಾದರಿಯ ನಡಿಗೆಯಲ್ಲಿ ಏನೋ ಒಂದು ಕೃತಕತೆ ಉಳಿಯುತ್ತದೆ. ಉಗಿಯನ್ನು ತಡೆದೊಡನೆ ಅದು ಮುಗ್ಗರಿಸಿದಂತೆ ನಿಂತುಬಿಡುತ್ತದೆ. ಇಲ್ಲಿಯೂ ಅದೇ ವರ್ಗದ ನಿಯಮ. ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ಅನುಗುಣ. ಉಗಿ ನಿಲ್ಲಿಸಿದಮೇಲೆ ನಿಜವಾದ ರೈಲು ಸಮತಟ್ಟಿನಲ್ಲಿ 157 ಮೀಟರು ಉರುಳಿ ನಿಲ್ಲುವುದಾದರೆ, 19ರಲ್ಲಿ ಒಂದು ಪಾಲಿನ ಮಾದರಿ ಎಂಟು ಮೀಟರಿಗೂ ಹೆಚ್ಚು ಉರುಳಬೇಕೆಂದು ಕಣ್ಣು ಬಯಸುತ್ತದೆ. ಆದರೆ ಘರ್ಷಣೆಯ ಪ್ರಮಾಣ ಎರಡರಲ್ಲಿಯೂ ಒಂದೇ ಇದ್ದರೂ ಮಾದರಿ ಉರುಳುವುದು 44 ಸೆಂಟಿಮೀಟರು ಮಾತ್ರ. ಈ ಕೊರತೆಯನ್ನು ತುಂಬಲು ಕೆಲವರು ಬಂಡಿಗಳಿಗೆ ಸೀಸದ ತುಂಡುಗಳನ್ನು ಹೇರುತ್ತಾರೆ. ಅದರಿಂದ ಜಡತ್ವ ಹೆಚ್ಚಿದಷ್ಟೇ ಘರ್ಷಣೆಯೂ ಹೆಚ್ಚುವುದರಿಂದ ಎಂಜಿನಿನ ಓಟ ಸ್ವಲ್ಪ ನಿಧಾನವಾಗುವುದು ನಿಜ, ಉರುಳುವ ದೂರ ಮಾತ್ರ ಹೆಚ್ಚದು. ಇನ್ನು ಕೆಲವರು ಎಂಜಿನಿನ ಅಚ್ಚಿಗೆ ಹಲ್ಲುಚಕ್ರಗಳ ಮೂಲಕ ಒಂದು ಸಣ್ಣ ಭಾರಚಕ್ರವನ್ನು ಜೋಡಿಸುತ್ತಾರೆ. ಎಂಜಿನು ತೆವಳುತ್ತಿರುವಾಗಲೂ ಅದು ಒಳಗೆ ಬುಗುರಿಯಂತೆ ಸುತ್ತುತ್ತಿರುತ್ತದೆ. ಹೊರಡುವಾಗ ಅದನ್ನು ತಿರುಗಿಸಲು ಸಮಯ ಹಿಡಿಯುವುದರಿಂದ ಬಂಡಿ ಮೆಲ್ಲಮೆಲ್ಲನೆ ವೇಗ ಪಡೆಯುತ್ತದೆ. ಉಗಿಯನ್ನು ನಿಲ್ಲಿಸಿದ ಮೇಲೆ ಆ ಚಕ್ರದ ತಿರುಗಾಟವೇ ಬಂಡಿಯನ್ನು ಇನ್ನೂ ಎರಡು ಮಾರು ದೂರ ನೂಕಿ, ನಿಲ್ದಾಣದ ಕಟ್ಟೆಯ ಪಕ್ಕಕ್ಕೆ ತಂದು ನಿಲ್ಲಿಸುತ್ತದೆ.